ಕೆಂಪು ವೃತ್ತದ ಲೇಬಲ್

ಮಂಗಳವಾರ ಬೆಳಿಗ್ಗೆ 10.20ಕ್ಕೆ ಠಾಣೆಗೆ ದೂರು ಬಂತು. ದೂರುದಾರ, ಮನೆ ತೊಳೆಯುವ ದ್ರಾವಣಗಳ ಕಾರ್ಖಾನೆಯ ಮಾಲೀಕ. ಬಾಟಲಿಯೊಂದನ್ನು ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಕುಕ್ಕಿದ. ಬಣ್ಣದ ಲೇಬಲ್ ಇರಬೇಕಾದ ಕಡೆ ಬಿಳಿ ಚೀಟಿ. ಅದರ ಮೇಲೆ ದಪ್ಪ ಕೈಬರಹ: ವಿಷ.

“ನಾಲ್ಕು ಅಂಗಡೀಲಿ ಅರವತ್ತಮೂರು ಬಾಟ್ಲಿ ಮೇಡಂ! ನನ್ನ ಮಾನ ಬೀದಿಪಾಲಾಯ್ತು.”

“ಒಳಗಿರೋದೇನು?”

“ಪೈಪ್ ಕಟ್ಕೊಂಡ್ರೆ ಸುರಿಯೋದು.”

“ಕುಡಿದ್ರೆ?”

“ಅದನ್ನ ಯಾರು ಕುಡೀತಾರೆ ಮೇಡಂ?”

ಅಸಲಿ ಲೇಬಲ್ ತೋರಿಸಿದ. ಕೆನೆಬಣ್ಣದ ಕಾಗದ, ನಡುವೆ ಕೆಂಪು ವೃತ್ತ, ಅದನ್ನು ಸೀಳುವ ಒಂದು ಕಪ್ಪು ಗೆರೆ. ಗಾಜು ಒರೆಸುವ ದ್ರಾವಣಕ್ಕೆ ನೀಲಿ ಚೌಕ, ನೆಲದ್ದಕ್ಕೆ ಹಳದಿ ತ್ರಿಕೋನ.

“ಮಾಡರ್ನ್ ಡಿಸೈನು. ಶೋಕೇಸಲ್ಲಿ ಇಡೋ ಹಂಗಿಲ್ವಾ?”

ಹಾಗೇ ಇತ್ತು. ಎಚ್ಚರಿಕೆಯ ಒಂದಕ್ಷರವೂ ಇರಲಿಲ್ಲ. ಇನ್ಸ್‌ಪೆಕ್ಟರಿಗೆ ಆಗಲೇ ಮೈ ಉರಿಯಿತು. ಹಲ್ಲು ಕಚ್ಚಿ ಎಫ್‌ಐಆರ್ ದಾಖಲಿಸಿಕೊಂಡಳು.

11.45ಕ್ಕೆ ಮೊದಲ ಅಂಗಡಿಯಲ್ಲಿ ಪಂಚನಾಮೆ. ಬರೆಯುತ್ತಿದ್ದ ಪೇದೆಯನ್ನು ಠಾಣೆಯಲ್ಲಿ ಎಲ್ಲರೂ ಗೊಣಗಣ್ಣ ಎಂದೇ ಕರೆಯುತ್ತಿದ್ದರು.

“ಚೌಕ, ತ್ರಿಕೋನ ಮುಟ್ಟೇ ಇಲ್ಲ ಮೇಡಂ. ವೃತ್ತದ ಮೇಲೇ ಹಗೆ.”

ಇನ್ಸ್‌ಪೆಕ್ಟರ್ ಚೀಟಿಯ ಮೇಲೆ ಬೆರಳಾಡಿಸಿದಳು. ಒಂದು ಸುಕ್ಕಿಲ್ಲ, ಗುಳ್ಳೆಯಿಲ್ಲ. ಎಲ್ಲ ಚೀಟಿಗಳ ಕೊನೆಯಂಚೂ ಎಡಕ್ಕೆ ಮುಗಿದಿತ್ತು.

“ಅಂಟಿಸೋದೇ ಕಸುಬಾಗಿರೋರ ಕೈ ಇದು. ನಡಿ ಕಾರ್ಖಾನೆಗೆ.”

1.30. ಲೇಬಲ್ ಅಂಟಿಸುವ ಆರು ಹೆಂಗಸರ ಮುಂದೆ ಆರು ಬಾಟಲಿ ಇಟ್ಟು, ಒಂದೊಂದು ಚೀಟಿ ಅಂಟಿಸಲು ಹೇಳಿದಳು. ಐವರ ಚೀಟಿ ಬಲಕ್ಕೆ ಮುಗಿಯಿತು. ಎಡಗೈಯವಳೊಬ್ಬಳದು ಎಡಕ್ಕೆ. ಅಂಟಿಸಿದವಳೇ ಬಾಟಲಿಯನ್ನು ಮುಂದಕ್ಕೆ ತಳ್ಳಿದಳು.

“ಬಲಗೈಲಿ ಅಂಟಿಸಿ ತಪ್ಪಿಸ್ಕೋಬಹುದಿತ್ತಲ್ಲ?”

“ತಪ್ಪಿಸ್ಕೊಳ್ಳೋಂಥ ಕೆಲಸ ನಾನು ಮಾಡಿಲ್ಲ.”

2.40. ಅವಳ ಮನೆಯ ತಪಾಸಣೆ. ಕಿತ್ತ ಲೇಬಲ್‌ಗಳು ಡಬ್ಬಿಯಲ್ಲೇ ಇದ್ದವು. ಮಂಚದ ಮೇಲೆ ಅವಳ ಅಪ್ಪ, ಹೊಟ್ಟೆಗೆ ಊಟದ ನಳಿಗೆ, ತುಟಿಯ ಸುತ್ತ ಸುಟ್ಟ ಕಲೆ. ಗೂಡಿನಲ್ಲಿ ಮೂರು ಔಷಧಿ ಬಾಟಲಿ. ಎರಡರ ಮೇಲೆ ಕತ್ತರಿಯಿಂದ ಕತ್ತರಿಸಿದ ನೀಲಿ ಚೌಕ, ಹಳದಿ ತ್ರಿಕೋನ. ಮೂರನೆಯದರ ಮೇಲೆ ಕೆರೆದ ಗುರುತು ಮಾತ್ರ.

“ಅಪ್ಪನಿಗೆ ಅಕ್ಷರ ಕಾಣಲ್ಲ, ಆಕಾರ ಕಾಣುತ್ತೆ. ಬೆಳಿಗ್ಗೆ ಔಷಧಿಗೆ ಕೆಂಪು ವೃತ್ತ. ನಾನೇ ಮಾಡಿದ್ದು. ಒಂದಿನ ಆಸ್ಪತ್ರೇಲಿ ಆ ಔಷಧಿ ಬಾಟ್ಲಿ ತುಂಬಿಸ್ಕೊಂಡು ಹಂಗೇ ಕೆಲಸಕ್ಕೆ ಹೋಗಿದ್ದೆ. ಯಜಮಾನ್ರು ನೋಡಿ ಬಾಯ್ತುಂಬ ಹೊಗಳಿದ್ರು. ತಿಂಗಳಲ್ಲಿ ಪೈಪಿಗೆ ಸುರಿಯೋ ಬಾಟ್ಲಿ ಮೇಲೆ ಅದೇ ಅಚ್ಚಾಗಿ ಬಂತು. ನಮಗೆಲ್ಲ ಒಂದೊಂದು ಬಾಟ್ಲಿ ಉಡುಗೊರೆ ಕೊಟ್ರು.” ಅವಳು ಅಪ್ಪನ ಹೊದಿಕೆ ಸರಿಮಾಡಿದಳು. “ಬಚ್ಚಲಲ್ಲಿಟ್ಟಿದ್ದೆ. ನಾನು ಕೆಲಸದಲ್ಲಿದ್ದೆ.”

“ಲೇಬಲ್ ಬದಲಾಯಿಸಿ ಅಂತ ಕೇಳ್ಲಿಲ್ವಾ?”

“ಮೂರು ಸಲ. ‘ನಿಮ್ಮಪ್ಪ ಒಬ್ಬನಿಗೋಸ್ಕರ ಡಿಸೈನ್ ಕೆಡಿಸ್ಲಾ’ ಅಂದ್ರು. ಬೇರೆ ಮನೆಗಳಲ್ಲಿ ಅಪ್ಪಂದಿರಿಲ್ವಾ ಮೇಡಂ? ಕೂಸುಗಳಿಲ್ವಾ?”

3.10ಕ್ಕೆ ಬಂಧನ. ಗೊಣಗಣ್ಣ ಬೇಡಿ ಹಾಕಲಿಲ್ಲ, ಗೊಣಗಲೂ ಇಲ್ಲ.

ಮಾಲೀಕ ಠಾಣೆಯಲ್ಲೇ ಕಾಯುತ್ತಿದ್ದ. “ಸಿಕ್ಕಿದ್ಲಾ? ಒಳಗೆ ಹಾಕಿ ಮೇಡಂ.”

“ಕೂತ್ಕೊಳ್ಳಿ. ಎರಡನೇ ಎಫ್‌ಐಆರ್ ನಿಮ್ಮ ಮೇಲೆ.”

“ನಂದೇನು ತಪ್ಪು? ಆ ಡಿಸೈನ್ ಮಾಡಿದ್ದೇ ಅವಳು!”

“ಅಪ್ಪನ ಔಷಧಿಗೆ ಮಾಡಿದ್ಲು.” ಇನ್ಸ್‌ಪೆಕ್ಟರ್ ಎದ್ದು ನಿಂತಳು. “ಕದ್ದು ವಿಷಕ್ಕೆ ಹಾಕಿದ್ದು ನೀನು.”

4.25ಕ್ಕೆ ಅವನ ಬಂಧನ. ಸಂಜೆ ಎಡಗೈಯವಳಿಗೆ ಠಾಣೆಯಲ್ಲೇ ಜಾಮೀನು ಸಿಕ್ಕಿತು.

ಬುಧವಾರ 9.15ಕ್ಕೆ ಅವಳ ಮನೆಯಲ್ಲಿ ಅಪ್ಪನ ಹೇಳಿಕೆ. ಮಾತು ಹೋಗಿತ್ತು, ತಲೆಯಾಡಿಸಿಯೇ ಉತ್ತರಿಸಿದ. ಹೆಬ್ಬೆಟ್ಟಿಗೆ ಮಸಿ ಹಚ್ಚಿ ಕಾಗದವನ್ನು ಅವನ ಮುಂದೆ ಹಿಡಿದಾಗ ಕೈ ಹಿಂದಕ್ಕೆಳೆದುಕೊಂಡ. ತುಟಿ ಬಿಗಿದು ಗೋಡೆಯತ್ತ ಹೊರಳಿದ.

ಇನ್ಸ್‌ಪೆಕ್ಟರ್ ಕಾಗದ ನೋಡಿದಳು. ಮೂಲೆಯಲ್ಲಿ ಠಾಣೆಯ ಮೊಹರು, ದುಂಡಗೆ, ಕೆಂಪಗೆ.

ಅದರ ಮೇಲೆ ಅಂಗೈ ಮುಚ್ಚಿ ಹಿಡಿದು, “ಈಗ ಒತ್ತಿ ಅಪ್ಪಾ,” ಎಂದಳು.