ಇದ್ದೀನಿ ಟೀಚರ್

"ಸುತ್ತಿಗೆ ಕೆಳಗಿಡಿ ಸ್ವಲ್ಪ. ನನ್ನ ಮಕ್ಕಳ ದನಿ ಕೇಳಿಸ್ತಿಲ್ಲ."

ಮೂರನೇ ಕ್ಲಾಸಿನ ಟೀಚರ್ ಅವನಿಗೆ ಹೇಳಿದ ಮೊದಲ ಮಾತು ಅದು. ಕೈಯಲ್ಲಿ ಹಾಜರಿ ಪುಸ್ತಕ, ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲ್, ಮುಖದ ತುಂಬ ಸಿಟ್ಟು.

ವರಾಂಡದಲ್ಲಿ ಮಂಡಿಯೂರಿ ಮುರಿದ ಬೆಂಚಿಗೆ ಕಾಲು ಜೋಡಿಸುತ್ತಿದ್ದ ಬಡಗಿ ತಲೆಯೆತ್ತಿದ. ಅವನ ತುಟಿಗಳ ನಡುವೆ ನಾಲ್ಕು ಮೊಳೆಗಳಿದ್ದವು. ಅವಸರವಿಲ್ಲದೆ ಒಂದೊಂದಾಗಿ ತೆಗೆದು ಅಂಗೈಯಲ್ಲಿಟ್ಟುಕೊಂಡು, ಆಮೇಲೆ ಕೇಳಿದ.

"ಹಾಜರಿಗೆ ದನಿ ಯಾಕೆ ಟೀಚರ್? ತಲೆ ಎಣಿಸಿದರೆ ಸಾಲದಾ?"

"ತಲೆ ಎಣಿಸೋಕೆ ಇದೇನು ಕುರಿದೊಡ್ಡಿನಾ?"

ಒಳಗೆ ಮೂವತ್ತೊಂದು ಮಕ್ಕಳು ಒಟ್ಟಿಗೆ ನಕ್ಕವು. ಬಡಗಿಯೂ ನಕ್ಕ. ಅವಳು ಮಾತ್ರ ತನ್ನ ನಗುವನ್ನು ಬಾಗಿಲು ದಾಟಿ ಒಳಗೆ ಹೋಗುವವರೆಗೆ ಹೇಗೋ ಹಿಡಿದುಕೊಂಡಳು.

ದನಿ ಯಾಕೆ ಬೇಕು ಎಂಬುದು ಅವನಿಗೆ ತಿಳಿದದ್ದು ನಾಲ್ಕು ದಿನ ಕಿವಿಗೊಟ್ಟ ಮೇಲೆ.

ಆ ಕ್ಲಾಸಿನಲ್ಲಿ ಹೆಸರು ಕೂಗಿದಾಗ ಎರಡು ಉತ್ತರಗಳಿದ್ದವು. ಮೈಯ ಜೊತೆ ಮನಸ್ಸೂ ಶಾಲೆಗೆ ಬಂದಿದ್ದರೆ "ಬಂದೆ ಟೀಚರ್" ಅನ್ನಬೇಕು. ಮೈ ಮಾತ್ರ ಬಂದಿದ್ದು, ಮನಸ್ಸು ಇನ್ನೆಲ್ಲೋ ನೋಯುತ್ತಿದ್ದರೆ "ಇದ್ದೀನಿ ಟೀಚರ್". ಯಾಕೆ, ಏನು ಎಂದು ಎಲ್ಲರೆದುರು ಕೇಳುವಂತಿಲ್ಲ. ಟೀಚರ್ ಆ ಹೆಸರಿನ ಪಕ್ಕ ಪೆನ್ಸಿಲ್ಲಿನಲ್ಲಿ ಒಂದು ಚುಕ್ಕಿ ಇಟ್ಟು ಮುಂದೆ ಹೋಗುತ್ತಿದ್ದಳು. ಬಿಡುವಿನ ಗಂಟೆ ಹೊಡೆದಾಗ ಆ ಮಗುವಿನ ಪಕ್ಕ ಹೋಗಿ ಕೂರುತ್ತಿದ್ದಳು. ಮಗು ಮಾತಾಡಿದರೆ ಕೇಳುತ್ತಿದ್ದಳು, ಇಲ್ಲದಿದ್ದರೆ ಇಬ್ಬರೂ ಸುಮ್ಮನೆ ಇರುವೆಸಾಲು ನೋಡುತ್ತಿದ್ದರು. ಇಷ್ಟು ವರ್ಷಗಳಲ್ಲಿ ಒಂದು ಚುಕ್ಕಿಯನ್ನೂ ಅವಳು ಮರೆತವಳಲ್ಲ.

ಐದನೆಯ ದಿನದಿಂದ ಹಾಜರಿಯ ಹೊತ್ತಿಗೆ ವರಾಂಡದಲ್ಲಿ ಸದ್ದೇ ಇರುತ್ತಿರಲಿಲ್ಲ. ಮಕ್ಕಳು ಅವನಿಗೆ 'ಉಳಿಮಾಮ' ಎಂದು ಹೆಸರಿಟ್ಟವು. ದೊಡ್ಡವರೂ ಹಾಗೇ ಕರೆಯತೊಡಗಿದರು.

ಬಾಗಿಲ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದವಳು ಜಡೆಮರಿ. ತಾಯಿ ಹೆರಿಗೆಗೆ ಮುಂಚೆಯೇ ಆಸ್ಪತ್ರೆ ಸೇರಿದ್ದಳು. ಮಗಳಿಗೆ ಜಡೆ ಹಾಕುವ ಕೆಲಸ ಅಪ್ಪನ ಪಾಲಿಗೆ ಬಂದಿತ್ತು. ಒಂದು ಜಡೆ ಕಿವಿಯ ಮೇಲಿಂದ ಹೊರಟರೆ ಇನ್ನೊಂದು ಕತ್ತಿನ ಕೆಳಗಿಂದ ಹೊರಡುತ್ತಿತ್ತು. ಹನ್ನೊಂದು ದಿನ ಅವಳ ಉತ್ತರ ಒಂದೇ. ಇದ್ದೀನಿ ಟೀಚರ್.

ಹನ್ನೊಂದು ದಿನವೂ ಟೀಚರ್ ಮೆಟ್ಟಿಲ ಬಳಿ ಕುಕ್ಕರುಗಾಲಲ್ಲಿ ಕೂತು, ಏಳುವಾಗ ಗೋಡೆ ಹಿಡಿದು ಏಳುವುದನ್ನು ಉಳಿಮಾಮ ನೋಡಿದ.

ಹನ್ನೆರಡನೆಯ ದಿನ ಅಂಗಳದ ಮರದ ಕೆಳಗೆ ಹೊಸ ಬೆಂಚು ಬಂತು. ಇಬ್ಬರು ಕೂರುವಷ್ಟು ಉದ್ದ. ಆದರೆ ಒಂದು ಅರ್ಧ ತಗ್ಗು, ಇನ್ನೊಂದು ಅರ್ಧ ಎತ್ತರ. ಹೆಡ್‌ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಳತೆಕೋಲು ಮನೆಯಲ್ಲಿ ಬಿಟ್ಟು ಬಂದಿದ್ದೀಯೇನಯ್ಯ ಅಂದರು. ಮರ ಸಾಲಲಿಲ್ಲ ಸಾರ್ ಅಂದ ಅವನು.

ಬಿಡುವಿನಲ್ಲಿ ಟೀಚರ್ ತಗ್ಗಿನ ಕಡೆ ಮಗುವನ್ನು ಕೂರಿಸಿ, ತಾನು ಎತ್ತರದ ಕಡೆ ಕೂರಲು ಹೋದಳು. ನಿಂತಳು. ಏನೋ ಹೊಳೆದು, ಮಗುವನ್ನು ಎತ್ತರದ ಕಡೆಗೆ ಸರಿಸಿ ತಾನು ತಗ್ಗಿನಲ್ಲಿ ಕೂತಳು.

ಜಡೆಮರಿಯ ಕಣ್ಣುಗಳು ಅವಳ ಕಣ್ಣಿಗೆ ನೇರವಾಗಿ, ಒಂದೇ ಮಟ್ಟದಲ್ಲಿದ್ದವು.

'ಮರ ಸಾಲಲಿಲ್ಲವಂತೆ... ಸುಳ್ಳ.' ಅವಳು ವರಾಂಡದ ಕಡೆ ನೋಡಿದಳು. ಅವನು ಬಾಯಲ್ಲಿ ಮೊಳೆ ಇಟ್ಟುಕೊಂಡು ಭಾರಿ ಕೆಲಸದಲ್ಲಿದ್ದ.

ಅಂದು ಮಗು ಬಾಯಿಬಿಟ್ಟಿತು. ಅಮ್ಮ ವಾಪಸ್ ಬರದಿದ್ದರೆ ಎಂಬ ಭಯವನ್ನೆಲ್ಲ ಹೇಳಿ, ಅತ್ತು, ಮೂಗೊರೆಸಿಕೊಂಡು ಕೊನೆಗೆ ಕೇಳಿತು.

"ಟೀಚರ್, ನಮ್ಮ ಹಾಜರಿ ನೀವು ಕೂಗ್ತೀರಿ. ನಿಮ್ಮ ಹಾಜರಿ ಯಾರು ಕೂಗ್ತಾರೆ?"

ಅವಳು ನಕ್ಕು ಮಾತು ತೇಲಿಸಿದಳು. ವರಾಂಡದಲ್ಲಿ ಉಜ್ಜುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಮುಂದಿನ ತಿಂಗಳು ತಾಯಿ ಕೂಸಿನೊಂದಿಗೆ ಮನೆಗೆ ಬಂದಳು. ಮರುದಿನ ಸಮನಾದ ಎರಡು ಜಡೆಗಳನ್ನು ಕುಣಿಸುತ್ತ ಜಡೆಮರಿ "ಬಂದೆ ಟೀಚರ್" ಎಂದಾಗ, ಹೊರಗೆ ಸುತ್ತಿಗೆ ಒಂದೇ ಒಂದು ಸಲ 'ಟಕ್' ಎಂದಿತು. ಟೀಚರಿಗೆ ಕಣ್ಣು ತುಂಬಿ ಬಂತು. ಅದು ಮಗುವಿಗಾಗಿಯೋ, ಆ ಸದ್ದಿಗಾಗಿಯೋ.

ಬೆಂಚುಗಳ ಕೆಲಸ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಹೆಡ್‌ಮೇಷ್ಟ್ರು ಮಾತಿನ ನಡುವೆ ಅಂದರು: ಉಳಿಮಾಮನ ಅಣ್ಣನಿಗೆ ಗರಗಸ ತಗುಲಿ ಕೈ ಹೋದಂತಾಗಿದೆ, ಅಣ್ಣನ ಮರದಂಗಡಿ ನೋಡಿಕೊಳ್ಳಲು ಇವನು ಇವತ್ತೇ ಹೊರಡುತ್ತಾನೆ, ದೂರದ ಊರು.

ಅವಳು ಹಾಜರಿ ಪುಸ್ತಕ ಎತ್ತಿಕೊಂಡು ಕ್ಲಾಸಿಗೆ ನಡೆದಳು. 'ಹೆಡ್‌ಮೇಷ್ಟ್ರಿಗೆ ಹೇಳಿದ. ನನಗೆ ಹೇಳಲಿಲ್ಲ.'

ಹಾಜರಿ ಮುಗಿದು ಮಕ್ಕಳು ಗಲಗಲ ಎನ್ನುತ್ತ ಪುಸ್ತಕ ತೆಗೆಯುವಾಗ ಅವನು ಬಾಗಿಲಿಗೆ ಬಂದು ನಿಂತ. ಅವಳು ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ.

"ಹೊರಟಿದ್ದೀರಂತೆ. ನನಗೆ ಏನಾದರೂ ಹೇಳೋದಿತ್ತಾ?"

ಅವನು ಬಾಗಿಲ ಚೌಕಟ್ಟಿನ ಅಂಚನ್ನು ಹೆಬ್ಬೆರಳಿನಿಂದ ಸವರಿದ.

"ಇದ್ದೀನಿ ಟೀಚರ್."

ಸಂಜೆಯವರೆಗೆ ಇದ್ದೀನಿ, ಆಮೇಲೆ ಮಾತಾಡೋಣ. ಆ ಮಾತಿನಲ್ಲಿ ಅವಳಿಗೆ ಕೇಳಿಸಿದ್ದು ಅಷ್ಟೇ. "ಸರಿ, ಬರ್ತೀನಿ," ಅಂದಳು. ಬಿಡುವಿನಲ್ಲಿ ಒಂದನೇ ಕ್ಲಾಸಿನ ಮಗುವೊಂದು ಬಿದ್ದು ಮಂಡಿ ತರಚಿಕೊಂಡಿತು. ತೊಳೆದು, ಔಷಧಿ ಹಚ್ಚಿ, ಸಮಾಧಾನ ಮಾಡುವಷ್ಟರಲ್ಲಿ ಗಂಟೆಯಾಯಿತು. ಸಂಜೆ ಮಕ್ಕಳೆಲ್ಲ ಹೋದ ಮೇಲೆ ಮುಖ ತೊಳೆದು, ಸೀರೆಯ ಸೆರಗು ಸರಿಮಾಡಿಕೊಂಡು, ಎದೆ ಗಟ್ಟಿ ಮಾಡಿಕೊಂಡು ವರಾಂಡಕ್ಕೆ ಬಂದಳು.

ಅಲ್ಲಿ ಮರದ ಹೊಟ್ಟು ಮಾತ್ರ ಇತ್ತು.

ಆರು ವರ್ಷ ಕಳೆಯಿತು.

ಟೀಚರ ಅಕ್ಕ ಎರಡು ಸಂಬಂಧ ತಂದಳು. ಅವಳು ಎರಡಕ್ಕೂ ಬೇಡವೆಂದಳು. ಊರಿನ ಮಕ್ಕಳ ಹೊಟ್ಟೆಯೊಳಗಿನದೆಲ್ಲ ಹೊರಗೆ ತೆಗೆಯುತ್ತೀಯ, ನಿನ್ನ ಬಾಯಿಗೆ ಮಾತ್ರ ಬೀಗ ಎಂದು ಅಕ್ಕ ರೇಗಿದಳು. ಅವಳು ಏನು ಹೇಳಬೇಕಿತ್ತು? ಒಬ್ಬ ಬಡಗಿ ಸಂಜೆಯವರೆಗೆ ಇರುತ್ತೇನೆಂದು ಹೇಳಿ ಇರಲಿಲ್ಲ. ಅಷ್ಟೇ ಕಥೆ.

ಬಿಡುವಿನಲ್ಲಿ ಅದೇ ಬೆಂಚಿನ ತಗ್ಗಿನಲ್ಲಿ ಕೂರುತ್ತಿದ್ದಳು. ಕೂತಾಗಲೆಲ್ಲ ಅಂಗೈ ತಾನಾಗಿ ಮರದ ಅಂಚನ್ನು ಸವರುತ್ತಿತ್ತು. ಮಕ್ಕಳಿಗೆ ಸಿಬಿರು ಚುಚ್ಚಬಾರದೆಂದು ಅವನು ದುಂಡಗೆ ಉಜ್ಜಿದ್ದ ಅಂಚು ಅದು.

ಒಂದು ಸಂಜೆ ಜಡೆಮರಿ ಬಂದಳು. ಈಗ ಒಂಬತ್ತನೇ ಕ್ಲಾಸು, ಒಂದೇ ಉದ್ದ ಜಡೆ. ಅಂದು ಹುಟ್ಟಿದ ತಂಗಿ ಈಗ ಒಂದನೇ ಕ್ಲಾಸಿನಲ್ಲಿದ್ದಳು, ಅವಳನ್ನು ಕರೆದೊಯ್ಯಲು ಬಂದಿದ್ದಳು. ಬೆಂಚಿನ ಮೇಲೆ ಕೂತು ಅದನ್ನು ತಟ್ಟಿ ನಕ್ಕಳು.

"ಉಳಿಮಾಮ ಹೋಗೋ ದಿನ ಬಿಡುವು ಪೂರ್ತಿ ಇಲ್ಲೇ ಕೂತಿದ್ರು, ಅಲ್ವಾ ಟೀಚರ್? ನಾನು ಬಂದು ಜಗಳ ಆಡಿದ್ದೆ. ಏಳಿ ಮಾಮ, ಇದು 'ಇದ್ದೀನಿ' ಅಂದವರ ಬೆಂಚು ಅಂತ."

"ಏನಂದ?"

"'ನಾನೂ ಅಂದೆನಲ್ಲ ಮರಿ' ಅಂದ್ರು. ನಿಜವೇ. ಬಾಗಿಲ ಹತ್ರ ಅಂದದ್ದು ನನಗೂ ಕೇಳಿಸಿತ್ತು. ಟೀಚರ್ ಬರ್ತಾರೆ, ಕೂತಿರಿ ಅಂತ ಹೇಳಿ ಆಡೋಕೆ ಹೋದೆ." ಹುಡುಗಿ ಟೀಚರ ಮುಖ ನೋಡಿ ಮಾತು ನಿಧಾನ ಮಾಡಿದಳು. "ನೀವು ಬಂದಿದ್ರಿ ತಾನೇ?"

ಟೀಚರ್ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

ತಾನೇ ಕಲಿಸಿದ ಪದ. ಎಂಟು ವರ್ಷದ ಮಕ್ಕಳ ಬಾಯಲ್ಲಿ ಒಂದು ದಿನವೂ ತಪ್ಪದೆ ತಿಳಿದ ಪದ. ದೊಡ್ಡವನೊಬ್ಬ ಅದನ್ನೇ ಹೇಳಿ, ನಿಯಮದ ಪ್ರಕಾರ ಬೆಂಚಿನ ಮೇಲೆ ಹೋಗಿ ಕೂತು ಕಾದಿದ್ದ. ಬರುತ್ತೇನೆಂದು ಹೇಳಿ ತಾನು ಹೋಗಿರಲಿಲ್ಲ. ಯಾರನ್ನೂ ಬಿಡದ ಟೀಚರ್ ತನ್ನನ್ನು ಬಿಟ್ಟಳೆಂದರೆ ಅದೇ ಉತ್ತರ ಎಂದು ಅವನು ಎದ್ದು ಹೋಗಿದ್ದ.

ಜಡೆಮರಿ ತಂಗಿಯೊಂದಿಗೆ ಹೋದ ಮೇಲೆ ಟೀಚರ್ ಬೀರುವಿನಿಂದ ಆರು ವರ್ಷದ ಹಿಂದಿನ ಹಾಜರಿ ಪುಸ್ತಕ ತೆಗೆದಳು. ಮೂವತ್ತೊಂದು ಹೆಸರುಗಳ ಕೆಳಗೆ ಒಂದು ಸಾಲು ಖಾಲಿಯಿತ್ತು. ಅಲ್ಲಿ ಪೆನ್ಸಿಲ್ಲಿನಿಂದ ಒಂದು ಚುಕ್ಕಿ ಇಟ್ಟಳು. ಆಮೇಲೆ ಹೆಡ್‌ಮೇಷ್ಟ್ರ ಹತ್ತಿರ ಹೋಗಿ ಅವನ ನಂಬರು ಕೇಳಿದಳು.

ಫೋನಿನಲ್ಲಿ ಅವಳಿಗೆ ಹೇಳಲು ಬಂದದ್ದು ಒಂದೇ ಮಾತು. "ಬೆಂಚಿನ ಕಾಲು ಅಲ್ಲಾಡ್ತಿದೆ."

ಆ ಕಡೆ ಮೌನ. ನಾಲ್ಕು ಮೊಳೆ ತೆಗೆಯುವಷ್ಟು ಹೊತ್ತು.

"ಯಾವ ಕಡೆಯದು?"

"ನಾನು ಕೂರೋ ಕಡೆಯದು."

"ಸೋಮವಾರ ಬರ್ತೀನಿ."

ಸೋಮವಾರ ಹಾಜರಿ ನಡೆಯುವಾಗ ವರಾಂಡದಲ್ಲಿ ಯಾವ ಸದ್ದೂ ಇರಲಿಲ್ಲ. ಸದ್ದಿಲ್ಲದ್ದರಿಂದಲೇ ಅವಳಿಗೆ ತಿಳಿಯಿತು. ಪಟ್ಟಿಯ ಕೊನೆಯ ಹೆಸರು ಮುಗಿಯಿತು. ಪುಸ್ತಕದಲ್ಲಿ ಇಲ್ಲದ ಒಂದು ಹೆಸರನ್ನು ಅವಳು ಕೂಗಿದಳು.

"ಉಳಿಮಾಮ?"

ಮಕ್ಕಳು ಮುಖಮುಖ ನೋಡಿಕೊಂಡವು.

"ಇದ್ದೀನಿ ಟೀಚರ್," ಎಂದಿತು ಹೊರಗಿನಿಂದ ದನಿ.

ಈ ಸಲ ಅವಳು ಬಿಡುವಿನ ಗಂಟೆಗೆ ಕಾಯಲಿಲ್ಲ. ಚಿತ್ರ ಬರೆಯುತ್ತಿರಿ ಎಂದು ಮಕ್ಕಳಿಗೆ ಹೇಳಿ, ಹಾಜರಿ ಪುಸ್ತಕ ಕೈಯಲ್ಲಿರುವುದನ್ನೂ ಮರೆತು ಹೊರಗೆ ಬಂದಳು. ಅವನ ಕಿವಿಯ ಬಳಿ ಕೂದಲು ನರೆತಿತ್ತು. ಇಬ್ಬರೂ ಹೋಗಿ ಬೆಂಚಿನ ಮೇಲೆ ಕೂತರು. ಅವಳು ಎತ್ತರದ ಕಡೆ, ಅವನು ತಗ್ಗಿನ ಕಡೆ.

"ಕಾಲು ಅಲ್ಲಾಡ್ತಿಲ್ಲವಲ್ಲ," ಅಂದ.

"ಇಲ್ಲ." ಅವಳು ಮರದ ಅಂಚನ್ನು ಸವರಿದಳು. "ಅವತ್ತು ನನಗೆ ಕೇಳಿಸಿತ್ತು... ತಿಳೀಲಿಲ್ಲ. ನಾನೇ ಕಲಿಸಿದ ಮಾತು, ನನಗೇ ತಿಳೀಲಿಲ್ಲ."

"ತಪ್ಪು ನಂದೂ ಇದೆ. ಇಷ್ಟು ದೊಡ್ಡವನಾಗಿ ಮಕ್ಕಳ ಮಾತಿನ ಹಿಂದೆ ಅಡಗಿಕೊಂಡೆ."

"ಈಗ ದೊಡ್ಡವರ ಹಾಗೆ ಹೇಳಿ."

ಅವನು ಅಂಗೈ ನೋಡಿಕೊಂಡ. ಮೊಳೆಗಳಿರಲಿಲ್ಲ, ತೆಗೆಯಲು ಏನೂ ಉಳಿದಿರಲಿಲ್ಲ.

"ನಿಮ್ಮನ್ನ ಬಿಟ್ಟಿರೋಕೆ ಆಗಲ್ಲ ಅಂತ ಹೇಳೋಕೆ ಬಂದಿದ್ದೆ ಅವತ್ತು. ಆಮೇಲೆ ಆರು ವರ್ಷ ಬಿಟ್ಟಿದ್ದು ನೋಡಿದೆ. ನಿಜವಾಗಿಯೂ ಆಗಲ್ಲ."

ಅವಳು ಅಳುತ್ತಲೇ ನಕ್ಕಳು. ಅವನು ಅವಳ ಮಡಿಲಿನಿಂದ ಹಾಜರಿ ಪುಸ್ತಕ ತೆಗೆದುಕೊಂಡು, ಪೆನ್ಸಿಲ್ಲನ್ನು ಅವಳ ಹಾಗೇ ಕಿವಿಯ ಮೇಲೆ ಸಿಕ್ಕಿಸಿಕೊಂಡ.

"ಜಡೆಮರಿ ಒಂದು ದಿನ ಕೇಳಿದ್ದು ನೆನಪಿದೆಯಾ? ನಿಮ್ಮ ಹಾಜರಿ ಯಾರು ಕೂಗ್ತಾರೆ ಅಂತ." ಗಂಟಲು ಸರಿಮಾಡಿಕೊಂಡು ಕೂಗಿದ. "ಮೂರನೇ ಕ್ಲಾಸ್ ಟೀಚರ್?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇದ್ದೀನಿ."

ಅವನು ಚುಕ್ಕಿ ಇಡಲಿಲ್ಲ. ಪುಸ್ತಕ ಮುಚ್ಚಿ, ಅವಳ ಕೈಯನ್ನು ತನ್ನ ಒರಟು ಕೈಯೊಳಗೆ ತೆಗೆದುಕೊಂಡು ಸುಮ್ಮನೆ ಪಕ್ಕದಲ್ಲಿ ಕೂತಿದ್ದ, ಅವಳು ಮಕ್ಕಳ ಪಕ್ಕ ಕೂರುವ ಹಾಗೆಯೇ. ಇರುವೆಸಾಲು ಬೆಂಚಿನ ಕಾಲು ಬಳಸಿ ಹೋಗುತ್ತಿತ್ತು. ಕಿಟಕಿಯಲ್ಲಿ ಒಂದೊಂದಾಗಿ ಮುಖಗಳು ಮೂಡುತ್ತಿದ್ದವು.

ಎಷ್ಟೋ ಹೊತ್ತಿನ ಮೇಲೆ ಅವನು ಮೆಲ್ಲಗೆ ಇನ್ನೊಮ್ಮೆ ಕೂಗಿದ.

"ಟೀಚರ್?"

ಅವಳು ತಿರುಗಿ ನೋಡಿದಳು. ಅವನ ಕಣ್ಣುಗಳು ಅವಳ ಕಣ್ಣಿಗೆ ನೇರವಾಗಿ, ಒಂದೇ ಮಟ್ಟದಲ್ಲಿದ್ದವು.

"ಬಂದೆ."