ಎಡಗಡೆ ನಿಂತವಳು

"ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ಆದ್ರೆ ಇವತ್ತು ನೀವು ಬಸ್ ಓಡಿಸಬಾರದು."

ಅವಳ ಮಾತು ಕೇಳಿ ಅವನು ನಕ್ಕುಬಿಟ್ಟ.

ಕನ್ನಡಕದ ಅಂಗಡಿಯ ಹಿಂಬದಿಯ ಪುಟ್ಟ ಕತ್ತಲೆಕೋಣೆಯಲ್ಲಿ ಕಣ್ಣು ಪರೀಕ್ಷಿಸುವುದು ಅವಳ ಕೆಲಸ. ಅವನು ಶಾಲಾ ಬಸ್ಸಿನ ಡ್ರೈವರ್. ಬಿಟ್ಟೂಬಿಡದ ತಲೆನೋವು, ನಡುನಡುವೆ ಕಣ್ಣಮುಂದೆ ಮಿಂಚು ಹೊಡೆದಂಥ ಬೆಳಕು. ಕನ್ನಡಕ ಹಾಕಿಕೊಂಡರೆ ಸರಿಹೋದೀತೆಂದು ಬಂದಿದ್ದ.

"ಒಳ್ಳೆ ಕಥೆ ಮೇಡಂ. ಕಣ್ಣು ಸರಿ ಇದೆ, ಬಸ್ ಮಾತ್ರ ಓಡಿಸಬಾರದಾ?"

"ಬೆಳಕಿನ ಚುಕ್ಕಿ ಕಂಡಾಗೆಲ್ಲ ಗುಂಡಿ ಒತ್ತಿ ಅಂದಿದ್ದೆ. ಎಡಗಡೆ ಬಂದ ಒಂದಕ್ಕೂ ನೀವು ಒತ್ತಲಿಲ್ಲ. ಎರಡೂ ಕಣ್ಣಿಗೆ ಒಂದೇ ಕಡೆ ಕಾಣ್ತಿಲ್ಲ ಅಂದ್ರೆ, ತೊಂದರೆ ಕಣ್ಣಲ್ಲಿಲ್ಲ. ಮಿದುಳಲ್ಲಿದೆ. ಈಗಲೇ ಹೋಗಿ ಸ್ಕ್ಯಾನ್ ಮಾಡಿಸಿ."

ನಗು ಅಲ್ಲೇ ಉಡುಗಿತು. ಈಚೆಗೆ ಬಸ್ಸಿನ ಎಡಗನ್ನಡಿ ಮತ್ತೆ ಮತ್ತೆ ಗೇಟಿಗೆ ಉಜ್ಜುತ್ತಿದ್ದುದು ಅವನಿಗೆ ನೆನಪಾಯಿತೋ ಏನೋ. ಆದರೂ ಎದ್ದು ನಿಂತ.

"ಶಾಲೆ ಬಿಡೋ ಹೊತ್ತಾಯ್ತು. ಮಕ್ಕಳು ಕಾಯ್ತಿರ್ತಾರೆ."

ಅವನು ಹೊರಟೇಹೋದ. ಅವನ ಅಂಗಿಯ ಮೇಲಿದ್ದ ಶಾಲೆಯ ಹೆಸರು ಅವಳ ಕಣ್ಣಿಗೆ ಕಟ್ಟಿದಂತಿತ್ತು. ಫೋನ್ ಕೈಗೆತ್ತಿಕೊಂಡಳು, ಇಟ್ಟಳು. 'ಅವನ ವಿಷಯ ಬೇರೆಯವರಿಗೆ ಹೇಳೋಕೆ ನಾನ್ಯಾರು? ಆದ್ರೆ ಆ ಮಕ್ಕಳು...'

ಮತ್ತೆ ಎತ್ತಿಕೊಂಡು ಶಾಲೆಗೆ ಕರೆ ಮಾಡಿದಳು.

ಸಂಜೆ ಅಂಗಡಿ ಮುಚ್ಚುವ ಮುನ್ನ ಅವನು ಮತ್ತೆ ಬಂದ. ಕೂಗಾಡಲಿಲ್ಲ. ಕೂಗಾಡಿದ್ದರೇ ವಾಸಿಯಿತ್ತು ಎನ್ನಿಸಿತು ಅವಳಿಗೆ.

"ನನ್ನ ಅನ್ನಕ್ಕೆ ಕಲ್ಲು ಹಾಕಿಬಿಟ್ರಲ್ಲ ಮೇಡಂ."

ಅಷ್ಟೇ. ಬೆನ್ನು ತಿರುಗಿಸಿ ನಡೆದುಬಿಟ್ಟ.

* * *

ಕೆಲವು ದಿನ ಕಳೆದ ಮೇಲೆ ಹೆಂಗಸೊಬ್ಬಳು ಅಂಗಡಿಗೆ ಬಂದು, ತಾನು ಆ ಡ್ರೈವರನ ಅಕ್ಕ ಎಂದಳು. ಸ್ಕ್ಯಾನ್ ಆಗಿತ್ತು.

"ಡಾಕ್ಟರ್ ಏನೇನೋ ಹೇಳಿದ್ರಮ್ಮ. ಇವನು ಕಿವಿಗೇ ಹಾಕ್ಕೊಳ್ತಿಲ್ಲ. ನಿಮ್ಮನ್ನ ಬೈತಾನೆ, ಆದ್ರೆ ನೀವು ಹೇಳಿದ್ದೇ ನಿಜ ಆಯ್ತು ಅಂತಾನೂ ಅಂತಾನೆ. ಒಂದ್ಸಲ ಮನೆಗೆ ಬಂದು ಬಿಡಿಸಿ ಹೇಳ್ತೀರಾ?"

ಅವಳು ಅಕ್ಕನ ಜೊತೆ ಅವನ ಮನೆಗೆ ಹೋದಳು. ಅವನು ಗೋಡೆ ನೋಡುತ್ತ ಕೂತಿದ್ದ. ಅವಳು ಸ್ಕ್ಯಾನ್ ವರದಿ, ಡಾಕ್ಟರ ಚೀಟಿ ಓದಿ, ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದಳು.

"ಹೃದಯದಿಂದ ರಕ್ತ ಜೋರಾಗಿ ಬರುತ್ತೆ. ಮಿದುಳಿನೊಳಗೆ ಕೂದಲಿಗಿಂತ ಸಣ್ಣ ನಾಳಗಳ ಜಾಲ ಇರುತ್ತೆ. ಅದನ್ನ ಹಾಯ್ದು ಬರೋಷ್ಟರಲ್ಲಿ ರಕ್ತದ ರಭಸ ಇಳಿಯುತ್ತೆ. ನಿಮ್ಮಲ್ಲಿ ಒಂದು ಕಡೆ ಆ ಜಾಲವೇ ಇಲ್ಲ. ನಾಳಗಳು ಗೋಜಲಾಗಿ ಒಂದಕ್ಕೊಂದು ನೇರ ಅಂಟಿಕೊಂಡಿವೆ. ವಾಪಸ್ ಹೋಗೋ ನಾಳದ ಗೋಡೆ ತೆಳು. ಅಷ್ಟು ರಭಸ ಅದು ತಡೆಯಲ್ಲ."

"ತಡೀದಿದ್ರೆ?"

"ಯಾವತ್ತೋ ಒಂದು ದಿನ ಒಡೀಬಹುದು. ಒಡೀದೆನೂ ಇರಬಹುದು."

"ಬಸ್ಸಲ್ಲಿ ಮಕ್ಕಳನ್ನ ಕೂರಿಸ್ಕೊಂಡಿರೋವಾಗ ಒಡೆದಿದ್ರೆ..." ಅವನೇ ಮಾತು ನಿಲ್ಲಿಸಿದ. ಆಮೇಲೆ, ಅವಳು ಮನೆಗೆ ಬಂದಾಗಿನಿಂದ ಮೊದಲ ಸಲ, ಅವಳ ಮುಖ ನೋಡಿದ. "ಏನ್ ಮಾಡ್ಬೇಕಂತೆ?"

"ತೊಡೆಯ ಹತ್ತಿರದಿಂದ ತೆಳ್ಳನೆ ನಳಿಗೆ ತೂರಿಸಿ, ಮಿದುಳಿನವರೆಗೆ ತಗೊಂಡು ಹೋಗಿ, ಗೋಜಲಿನೊಳಗೆ ಅಂಟು ತುಂಬ್ತಾರೆ. ರಭಸ ಕಡಿಮೆಯಾದ ಮೇಲೆ ತಲೆ ತೆರೆದು ಅದನ್ನ ತೆಗೀತಾರೆ. ಕೆಲವರಿಗೆ ಬರೀ ವಿಕಿರಣ ಕೊಡ್ತಾರೆ, ಅದು ಕೆಲಸ ಮಾಡೋಕೆ ವರ್ಷಗಳೇ ಬೇಕು. ಕೆಲವರಿಗೆ ಮುಟ್ಟದೆ ಬಿಡೋದೇ ಮೇಲು ಅಂತಾರೆ. ನಿಮಗೆ ತೆಗೆಯೋದೇ ಒಳ್ಳೇದು ಅಂದಿದ್ದಾರೆ."

"ನನ್ನ ಜಾಗದಲ್ಲಿ ನೀವಿದ್ರೆ?"

"ಗೊತ್ತಿಲ್ಲ. ಹೆದರ್ತಿದ್ದೆ. ಅದೊಂದು ಗೊತ್ತು."

ಸುಳ್ಳು ಧೈರ್ಯ ಹೇಳದವಳು ಇವಳೊಬ್ಬಳೇ ಅನ್ನಿಸಿತೇನೋ, ಅವನ ಮುಖ ಸಡಿಲಾಯಿತು.

ಅಂದಿನಿಂದ ಕೆಲಸ ಮುಗಿಸಿ ಅವಳು ಅತ್ತ ಹೋಗುವುದು ರೂಢಿಯಾಯಿತು. ಅಕ್ಕನ ಚಹಾ, ಅವನ ತಮಾಷೆ. ಬಸ್ಸಿನ ಯಾವ ಮಗು ಯಾವ ಸೀಟಿಗೆ ಜಗಳವಾಡುತ್ತದೆಂದು ಅವನು ಹೇಳುತ್ತಿದ್ದರೆ ಅವಳು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದಳು. ಅವನು ಹಣೆ ಒತ್ತಿಕೊಂಡರೆ ಸಾಕು, ಅವಳು ಲೋಟ ಕೆಳಗಿಟ್ಟು ಅವನ ಕಣ್ಣನ್ನೇ ನೋಡುತ್ತಿದ್ದಳು. 'ಈಗ ಒಡೀತಾ?' ಬೇರೆಯವರ ಕಣ್ಣು ಪರೀಕ್ಷಿಸುವಾಗಲೂ ಅದೇ ಯೋಚನೆ.

ಒಂದು ದಿನ ಅವನ ಮನೆಯ ಮೆಟ್ಟಿಲ ಮೇಲೆ ನಿಂತು ಅವಳು ಅಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದಳು. "ನನ್ನಿಂದಲೇ ಅವರ ಕೆಲಸ ಹೋಯ್ತಲ್ಲಮ್ಮ. ಬರದೆ ಹೇಗಿರಲಿ?" ಅಮ್ಮನಿಗೆ ನಿಜ ಹೇಳುವ ಧೈರ್ಯ ಅವಳಿಗಿನ್ನೂ ಬಂದಿರಲಿಲ್ಲ.

ತಿರುಗಿದರೆ ಬಾಗಿಲಲ್ಲಿ ಅವನು.

"ಪಾಪ ಅಂತ ಬರೋದು ಬೇಡ ಮೇಡಂ. ನೀವು ಮಾಡಿದ್ದು ಸರಿಯೇ ಇತ್ತು. ಇನ್ಮೇಲೆ ಬರಬೇಡಿ."

"ಪಾಪ ಅಂತಲ್ಲ..."

ಬಾಗಿಲು ಮುಚ್ಚಿತು. ಅವಳು ತಟ್ಟಲಿಲ್ಲ. ಬೇಡವೆಂದವರ ಮನೆ ಬಾಗಿಲಲ್ಲಿ ನಿಲ್ಲಲು ಅವಳಿಗೂ ಸ್ವಾಭಿಮಾನ ಅಡ್ಡ ಬಂತು.

* * *

ಅಕ್ಕ ಫೋನಿನಲ್ಲಿ ತಿಳಿಸಿದ್ದ ಆಪರೇಷನ್ ದಿನ, ಅಂಗಡಿಯಲ್ಲಿ ಒಬ್ಬ ಅಜ್ಜನಿಗೆ ತಪ್ಪು ಮಸೂರ ಹಾಕಿ, ಆ ಅಜ್ಜ ಬೈದಾಗಲೇ ಅವಳಿಗೆ ಎಚ್ಚರ. ರಜೆ ಹೇಳಿ ಆಸ್ಪತ್ರೆಗೆ ಓಡಿದಳು.

ಆಪರೇಷನ್ ಕೋಣೆಯ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಕ್ಕ ಒಬ್ಬಳೇ ಕೂತಿದ್ದಳು. ಇವಳನ್ನು ಕಂಡದ್ದೇ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು.

"ಅಂಟು ತುಂಬಿದ್ದು ಮೊನ್ನೆಯೇ ಸಲೀಸಾಗಿ ಆಯ್ತು. ಇವತ್ತು ಬೆಳಿಗ್ಗೆ ಒಳಗೆ ಕರ್ಕೊಂಡು ಹೋದ್ರು. ಇನ್ನೂ ಸುದ್ದಿ ಇಲ್ಲ."

ಬಾಗಿಲು ತೆರೆದಾಗೆಲ್ಲ ಇಬ್ಬರೂ ಎದ್ದು ನಿಲ್ಲುವರು. ಬೇರೆ ಯಾರೋ ಬರುವರು. ಮತ್ತೆ ಕೂರುವರು. ಒಬ್ಬ ನರ್ಸ್ ರಕ್ತದ ಚೀಲ ಹಿಡಿದು ಒಳಗೆ ಓಡಿದಳು.

ಇವಳು ಆ ಬಾಗಿಲಿನತ್ತ ಎರಡು ಹೆಜ್ಜೆ ಇಟ್ಟು ನಿಂತಳು. 'ನನ್ನ ಮೇಲೆ ಕೋಪ ಇಟ್ಕೊಂಡೇ ಒಳಗೆ ಹೋದ... ಹೇಳೋದು ಹೇಳದೆಯೇ ಉಳೀತು.'

"ಅಕ್ಕ, ನಾನು ಅವರನ್ನ..."

"ಗೊತ್ತಮ್ಮ. ನನಗೂ ಕಣ್ಣಿದೆ."

ಹೊತ್ತು ಇಳಿಯುವಾಗ ಶಸ್ತ್ರವೈದ್ಯೆ ಟೋಪಿ ತೆಗೆಯುತ್ತ ಬಂದರು. "ಗೋಜಲು ಪೂರ್ತಿ ಹೋಗಿದೆ. ಮತ್ತೆ ನಾಳಗಳಲ್ಲಿ ಬಣ್ಣ ಹಾಯಿಸಿ ಚಿತ್ರ ತೆಗೆದು ನೋಡಿದ್ವಿ, ಏನೂ ಉಳಿದಿಲ್ಲ. ಆದ್ರೆ ಎಡಗಡೆ ನೋಟ ವಾಪಸ್ ಬರೋದು ಕಷ್ಟ."

ಅಕ್ಕ ಕುಸಿದು ಕೂತು ಅತ್ತಳು. ಇವಳಿಗೆ ಅಳುವೂ ಬರಲಿಲ್ಲ. ಉಸಿರು ಮಾತ್ರ ಉದ್ದಕ್ಕೆ ಹೊರಬಿತ್ತು.

* * *

ವಾರ್ಡಿಗೆ ತಂದ ಮೇಲೆ ಅವಳು ಒಳಗೆ ಹೋದಾಗ ಅವನು ತಲೆಗೆ ಪಟ್ಟಿ ಸುತ್ತಿಕೊಂಡು, ಬಲಕ್ಕೆ ಕೂತ ಅಕ್ಕನೊಂದಿಗೆ ಮೆಲ್ಲಗೆ ಮಾತಾಡುತ್ತಿದ್ದ. ಬಾಗಿಲು ಎಡಕ್ಕಿತ್ತು. ಅವಳು ಹಾಸಿಗೆಯ ಪಕ್ಕಕ್ಕೇ ಬಂದು ನಿಂತರೂ ಅವನಿಗೆ ಕಾಣಲಿಲ್ಲ. ಅಕ್ಕ ನೋಡಿಯೂ ಸುಮ್ಮನಿದ್ದಳು.

"ಅವಳು ಬಂದಿದ್ಲಾ ಅಕ್ಕ?"

"ಯಾವಳು? ಬರಬೇಡ ಅಂದವನು ನೀನೇ ಅಲ್ವಾ?"

"ಕರುಣೆಯಿಂದ ಬರ್ತಾಳೆ ಅಂದ್ಕೊಂಡಾಗ ತಡೆಯೋಕಾಗ್ಲಿಲ್ಲ. ನನಗೆ ಅವಳು ಬೇಕು ಅಕ್ಕ. ಸಾಯ್ತೀನೋ ಬದುಕ್ತೀನೋ ಗೊತ್ತಿಲ್ಲದೆ ಹೇಗೆ ಕೇಳ್ಲಿ? ಈಗ ಕೇಳೋಣ ಅಂದ್ರೆ ಸ್ಟೀರಿಂಗ್ ಕೂಡ ಹಿಡಿಯೋ ಹಾಗಿಲ್ಲ."

"ಸ್ಟೀರಿಂಗ್ ಜೊತೆ ಸಂಸಾರ ಮಾಡೋಕಾಗುತ್ತಾ?" ಎಂದಳು ಅವಳು.

ಅವನು ಬೆಚ್ಚಿ, ಕತ್ತು ನಿಧಾನವಾಗಿ ತಿರುಗಿಸಿದ. ಅಕ್ಕ ನೀರು ತರುವ ನೆಪದಲ್ಲಿ ಹೊರಗೆ ಹೋದಳು.

"ಅವತ್ತು ಅಮ್ಮನಿಗೆ ಹೇಳಿದ್ದು ಸುಳ್ಳು. ಕೆಲಸ ಹೋಯ್ತು ಅಂತ ಒಂದು ದಿನ ಬಂದಿದ್ದು ಹೌದು. ಉಳಿದ ದಿನ ನಿಮ್ಮನ್ನ ನೋಡೋಕೆ ಬಂದೆ. ಈಗ ಅಮ್ಮನಿಗೂ ನಿಜ ಹೇಳಿದೀನಿ."

ಅವನ ಕಣ್ಣಂಚು ಒದ್ದೆಯಾಯಿತು. ಕೈ ಚಾಚಿದ. ಅವಳು ಹಿಡಿದುಕೊಂಡಳು.

"ಮೇಡಂ, ತುಂಬಾ ಸುಸ್ತಾಗಿದೆ. 'ನೀವು' ಅನ್ನೋಕೂ ಶಕ್ತಿ ಇಲ್ಲ. 'ನೀನು' ಅನ್ಲಾ?"

"ಅನ್ನಿ."

"'ಅನ್ನಿ' ಅಲ್ಲ, 'ಅನ್ನು' ಅನ್ನು."

ಅವಳು ಬಾಗಿ, ಅವನಿಗಷ್ಟೇ ಕೇಳುವಂತೆ ಹೇಳಿದಳು.

"ಮಲಗು. ನಾನು ಇಲ್ಲೇ ಇರ್ತೀನಿ."