ಬಿಸಿ ಆರದ ತೊಟ್ಟಿ

ಆ ಕತೆ ಹೇಳುವಾಗಲೆಲ್ಲ ಗಿರಿಧರ್ ಸುಪ್ರೀತನ ಭುಜದ ಮೇಲೆ ಕೈ ಇಡುತ್ತಿದ್ದ. ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಅವನ ಫ್ಲ್ಯಾಟಿನಲ್ಲಿ ಶುಕ್ರವಾರದ ಊಟಕ್ಕೆ ಕನ್ನಡದವರು ಸೇರುತ್ತಿದ್ದರು. ಹೊಸಬರು ಯಾರಾದರೂ ಬಂದಿದ್ದಾರೆಯೇ ಎಂದು ನೋಡಿಕೊಂಡೇ ಅವನು ಶುರು ಮಾಡುತ್ತಿದ್ದ.

"ಇವನನ್ನ ಕಂಪನಿ ಅವತ್ತೇ ವಿಮಾನ ಹತ್ತಿಸ್ತಿತ್ತು. ನಾನು ಎಂ.ಡಿ. ಮುಂದೆ ನಿಂತೆ. ಸರ್, ಹುಡುಗ ತಪ್ಪು ಮಾಡಿದಾನೆ, ಇಲ್ಲ ಅನ್ನಲ್ಲ, ಆದ್ರೆ ನಮ್ಮವನು ಅಂದೆ. ಅಲ್ವೇನೋ ಸುಪ್ಪಿ?"

ಸುಪ್ರೀತ್ ತಲೆಯಾಡಿಸುತ್ತಿದ್ದ. ಬಾಯಲ್ಲಿದ್ದ ತುತ್ತು ಕಲ್ಲಾಗುತ್ತಿತ್ತು.

ತಪ್ಪು ಯಾರದು ಎಂದು ಗೊತ್ತಿದ್ದವರು ಇಬ್ಬರೇ. ಇಬ್ಬರೂ ಮೈಸೂರಿನಲ್ಲಿ ಒಟ್ಟಿಗೆ ಎಂಜಿನಿಯರಿಂಗ್ ಓದಿದವರು, ದೋಹಾದ ಒಂದೇ ಏರ್‌ಕಂಡೀಷನಿಂಗ್ ಕಂಪನಿ ಸೇರಿದವರು. ವಸ್ತುಪ್ರದರ್ಶನದ ಸಭಾಂಗಣವೊಂದಕ್ಕೆ ತಣ್ಣೀರಿನ ಪೈಪು ಹಾಕಿದಾಗ ಒತ್ತಡದ ಪರೀಕ್ಷೆ ಬಾಕಿಯಿತ್ತು. ಉದ್ಘಾಟನೆ ಹತ್ತಿರವಿತ್ತು. ಪ್ರಾಜೆಕ್ಟಿನ ಮುಖ್ಯಸ್ಥನಾಗಿದ್ದ ಗಿರಿಧರ್ ಕಾರಿಡಾರಿನಲ್ಲಿ ನಿಂತು ಸುಪ್ರೀತನಿಗೆ, "ಟೆಸ್ಟ್ ಆಮೇಲೆ ನೋಡ್ಕೊಳ್ಳೋಣ, ಯಲ್ಲಾ, ಬೇಗ ನೀರು ಬಿಡು" ಎಂದಿದ್ದ. ನೀರು ಬಿಟ್ಟರು. ವಾಲ್ವ್ ಸಿಡಿಯಿತು. ಬ್ರಯನ್ ಎಂಬ ಮಂಗಳೂರಿನ ಫಿಟ್ಟರ್‌ನ ಎಡಗಣ್ಣು ಹೋಯಿತು. ವಿಚಾರಣೆಯಲ್ಲಿ ಗಿರಿಧರ್, ತಾನು ಅಂಥ ಮಾತನ್ನೇ ಆಡಿಲ್ಲ ಎಂದುಬಿಟ್ಟ.

ಅವನು ಜನರಲ್ ಮ್ಯಾನೇಜರ್ ಆದ. ಸುಪ್ರೀತನನ್ನು ಅಲ್ ರಯ್ಯಾನಿನ ವಿಲ್ಲಾಗಳ ಎ.ಸಿ. ರಿಪೇರಿಗೆ ಹಾಕಿದರು. ಊರಿಗೆ ಹೊರಡುವ ಮುನ್ನ ಬ್ರಯನ್ ಆಫೀಸಿನ ಎಲ್ಲರ ಕೈಕುಲುಕಿ, ಸುಪ್ರೀತನ ಮೇಜಿನ ಬಳಿ ಬಂದಾಗ ಮಾತ್ರ ಕೈಯನ್ನು ಜೇಬಿಗೆ ಹಾಕಿಕೊಂಡ. ಸುಪ್ರೀತನ ಹೆಂಡತಿ ಜಾಹ್ನವಿಯಂತೂ ಹಬ್ಬ ಬಂದರೆ ಮೊದಲ ಡಬ್ಬಿ ಹೋಳಿಗೆಯನ್ನು ಗಿರಿಧರನ ಮನೆಗೆ ಕಟ್ಟುತ್ತಿದ್ದಳು. "ಗಿರಿಯಣ್ಣ ಇಲ್ದೇ ಇದ್ದಿದ್ರೆ ನಮ್ಮ ಗತಿ ಏನಾಗ್ತಿತ್ತು ಹೇಳಿ" ಎನ್ನುತ್ತಿದ್ದಳು. ನಿಜ ಹೇಳಿದರೆ ಅವಳೂ ನಂಬುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ದ್ವೇಷವನ್ನು ಅವನು ತನ್ನ ಕಸುಬಿನಂತೆಯೇ ನೋಡಿಕೊಂಡ. ಶಬ್ದವಿಲ್ಲದೆ, ಸೋರದಂತೆ, ತಣ್ಣಗೆ.

ಅವಕಾಶ ಬಂದದ್ದು ಆಗಸ್ಟಿನಲ್ಲಿ, ಸ್ಟೀರಿಂಗ್ ಮುಟ್ಟಿದರೆ ಕೈ ಸುಡುವ ಕಾಲದಲ್ಲಿ. ಹೆಂಡತಿ ಬಿಟ್ಟುಹೋದ ಮೇಲೆ ಒಂಟಿಯಾಗಿದ್ದ ಗಿರಿಧರ್ ಜಾರ್ಜಿಯಾ ದೇಶದ ಬಕುರಿಯಾನಿ ಎಂಬ ಬೆಟ್ಟದೂರಿನಲ್ಲಿ ಮರದ ಮನೆಯೊಂದನ್ನು ಕೊಂಡಿದ್ದ. ದೋಹಾದಲ್ಲಿ ಬೆಳಿಗ್ಗೆ ವಿಮಾನ ಹತ್ತಿದರೆ ಸಂಜೆಗೆ ಮುಂಚೆ ಆ ಮನೆಯ ಬೀಗ ತೆಗೆಯಬಹುದು. ಅವನು ಸುಪ್ರೀತನನ್ನು ಕ್ಯಾಬಿನ್ನಿಗೆ ಕರೆಸಿದ.

"ಅಲ್ಲಿಗೊಂದು ಹಾಟ್ ಟಬ್ ಹಾಕಿಸ್ಬೇಕು ಕಣೋ. ಹಿಮದ ಮಧ್ಯೆ ಬಿಸಿನೀರಲ್ಲಿ ಕೂತ್ಕೋಬೇಕು. ಆದ್ರೆ ಮೇಂಟೆನೆನ್ಸ್ ಗೀಂಟೆನೆನ್ಸ್ ಅಂತ ತಲೆನೋವು ಇರಬಾರ್ದು. ನೀನೇ ಆರಿಸು. ಈಗ ನಿನಗೆ ಬೇರೇನು ಕೆಲಸ ಇದೆ?"

ಸುಪ್ರೀತ್ ಆರಿಸಲು ಕುಳಿತ. ಮೊದಮೊದಲು ಬರಿಯ ಕೋಪದಿಂದಲೇ ಓದಿದ. ಸೌದೆ ಒಲೆಯ ಟಬ್ ನೋಡಲು ಚೆಂದ, ಆದರೆ ಬೆಂಕಿ ಕಾಯಲು ಆಳು ಬೇಕು. ಗಾಳಿ ತುಂಬುವ ಟಬ್ ಅಲ್ಲಿನ ಚಳಿಗೆ ಒಂದು ವಾರವೂ ನಿಲ್ಲದು. ಹೊರಕವಚ ಮರದ್ದಾದರೆ ವರ್ಷವರ್ಷ ಎಣ್ಣೆ ಬಳಿಯಬೇಕು. ತೊಟ್ಟಿಗೂ ಹೊರಕವಚಕ್ಕೂ ನಡುವೆ ಪೂರ್ತಿ ಫೋಮ್ ತುಂಬಿದ, ಸಣ್ಣ ಪಂಪೊಂದು ಸದಾ ನೀರನ್ನು ತಿರುಗಿಸುತ್ತ ಪೈಪು ಹೆಪ್ಪುಗಟ್ಟದಂತೆ ಕಾಯುವ, ನೀರನ್ನು ತಾನೇ ಶುಚಿ ಮಾಡಿಕೊಳ್ಳುವ ಟಬ್ ಒಂದಿತ್ತು. ಅದರ ಹೀಟರ್ ಬಲವಾದದ್ದು. ಮುಚ್ಚಳ ತೆಗೆದಿಟ್ಟರೂ, ಹೊರಗೆ ನೀರು ಕಲ್ಲಾಗುವ ಚಳಿಯಿದ್ದರೂ, ಒಳಗಿನ ಬಿಸಿ ಆರುವುದಿಲ್ಲ ಎಂದು ಕಂಪನಿಯವರು ಬರೆದಿದ್ದರು.

ಬಿಸಿ ಆರುವುದಿಲ್ಲ. ಆ ಮಾತಿನ ಮುಂದೆ ಸುಪ್ರೀತ್ ಬಹಳ ಹೊತ್ತು ಕುಳಿತ. ಸತ್ತವನ ಮೈ ಎಷ್ಟು ಆರಿದೆ ಎಂದು ನೋಡಿ ಸಾವಿನ ಹೊತ್ತು ಹೇಳುತ್ತಾರೆ. ಮೈ ಆರದಿದ್ದರೆ? ಬೆಳಿಗ್ಗೆ ಸತ್ತವನು ರಾತ್ರಿ ಸತ್ತವನಂತೆ ಕಾಣುತ್ತಾನೆ. ಅಷ್ಟರಲ್ಲಿ ಅವನ ಗೆಳೆಯ ದೋಹಾ ತಲುಪಿ, ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಿಕೊಂಡು, ನಾಲ್ಕು ಜನರ ಜೊತೆ ಊಟಕ್ಕೆ ಕೂತಿರುತ್ತಾನೆ.

ಅಂದಿನಿಂದ ಟಬ್ಬಿನ ಆಯ್ಕೆ ಶ್ರದ್ಧೆಯ ಕೆಲಸವಾಯಿತು. ನೋಡಿಕೊಳ್ಳುವ ಅಗತ್ಯವಿಲ್ಲದ ಟಬ್ ಎಂದರೆ ನೋಡಿಕೊಳ್ಳುವ ಮನುಷ್ಯನೂ ಬರುವುದಿಲ್ಲ. ನೆರೆಮನೆಯ ಎತೇರಿ ಎಂಬ ಮುದುಕಿಯ ಬಳಿ ಇನ್ನೊಂದು ಬೀಗದಕೈ ಇತ್ತು. ಅವಳು ಶನಿವಾರ ಬೆಳಿಗ್ಗೆ ಮಾತ್ರ ಗುಡಿಸಲು ಬರುತ್ತಿದ್ದಳು. ಟಬ್ಬನ್ನು ಮನೆಗೆ ತಗುಲಿದಂತೆ ಇಡುವುದು ಬೇಡ, ಹಬೆಗೆ ಗೋಡೆಯ ಮರ ಕೊಳೆಯುತ್ತದೆ ಎಂದು ಹೇಳಿ ಸುಪ್ರೀತ್ ಅದನ್ನು ಹಿತ್ತಲಿನ ತುದಿಗೆ, ಕಣಿವೆಯ ಕಡೆಗೆ ಹಾಕಿಸಿದ. ರಸ್ತೆಯಿಂದ ಅದು ಕಾಣುತ್ತಿರಲಿಲ್ಲ. ಗಿರಿಧರನಿಗೆ ಆ ನೋಟ ಬಹಳ ಹಿಡಿಸಿತು.

ಡಿಸೆಂಬರಿನಲ್ಲಿ ಕತಾರಿನ ರಾಷ್ಟ್ರೀಯ ದಿನಕ್ಕೆ ರಜೆ ಬಂತು. "ನೀನೂ ಬಾರೋ, ನಿನ್ನ ಟಬ್ ಹೇಗಿದೆ ನೋಡುವೆಯಂತೆ" ಎಂದು ಗಿರಿಧರನೇ ಕರೆದ. ಕರೆಯಲಿ ಎಂದು ಸುಪ್ರೀತ್ ತಿಂಗಳಿಂದ ಕಾದಿದ್ದ. ಕೆಲಸವಿದೆ, ಶುಕ್ರವಾರವೇ ಹಿಂದಿರುಗುತ್ತೇನೆ, ನೀನು ಇನ್ನೊಂದು ದಿನ ಇದ್ದು ಬಾ ಎಂದು ಮೊದಲೇ ಹೇಳಿದ್ದ.

ಶುಕ್ರವಾರ ಬೆಳಗಾದಾಗ ಬೆಟ್ಟ ಬೋಳಾಗಿತ್ತು. ನೆಲ ಚಳಿಗೆ ಸೆಟೆದು ಕಬ್ಬಿಣದಂತಿತ್ತು. ಆ ವರ್ಷದ ಮೊದಲ ಹಿಮ ಮಧ್ಯಾಹ್ನ ಬಿದ್ದು ಸಂಜೆಯ ಮೊದಲು ನಿಲ್ಲುತ್ತದೆಂದು ಫೋನ್ ಹೇಳಿತು. ಸುಪ್ರೀತನಿಗೆ ಅದು ಕೈಹಿಡಿದು ನಡೆಸಿದಂತಾಯಿತು. ತನ್ನ ಬೂಟಿನ ಗುರುತು ಎಲ್ಲಾದರೂ ಉಳಿದಿದ್ದರೂ ಹಿಮವೇ ಮುಚ್ಚಿಬಿಡುತ್ತದೆ.

ಗಿರಿಧರ್ ಆಗಲೇ ಟಬ್ಬಿನಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತಿದ್ದ. ಸುಪ್ರೀತ್ ಕೊಟ್ಟ ಕಾಫಿಯನ್ನು ಅರ್ಧ ಮುಗಿಸಿದ್ದ. ಅವನೇ ದಿನವೂ ನುಂಗುವ ನಿದ್ದೆಯ ಮಾತ್ರೆ, ಇಂದು ಸ್ವಲ್ಪ ಹೆಚ್ಚು, ಅದರಲ್ಲಿ ಕರಗಿತ್ತು.

"ಒಳ್ಳೇ ಟಬ್ ಕಣೋ ಸುಪ್ಪಿ. ನಿನ್ನ ಜೀವಮಾನದಲ್ಲಿ ನೀನು ಸರಿಯಾಗಿ ಮಾಡಿದ ಕೆಲಸ ಅಂದ್ರೆ ಇದೊಂದೇ."

"ಬ್ರಯನ್ ನೆನಪಿದಾನಾ ಗಿರಿ?"

"ಯಾವ ಬ್ರಯನ್?"

ಅವನು ನಟಿಸುತ್ತಿರಲಿಲ್ಲ. ನಿಜವಾಗಿಯೂ ಮರೆತಿದ್ದ. ತನ್ನಲ್ಲಿ ಒಂದಿಷ್ಟು ಅಳುಕು ಉಳಿದಿದೆಯೇನೋ ಎಂದು ಸುಪ್ರೀತ್ ಹಿಂದಿನ ದಿನವೆಲ್ಲ ಹೆದರಿದ್ದ. ಆ ಎರಡು ಪದಗಳು ಅದನ್ನೂ ತೊಳೆದುಹಾಕಿದವು. ಗಿರಿಧರನ ರೆಪ್ಪೆಗಳು ಭಾರವಾಗುವವರೆಗೆ ಕಾದ. ಆಮೇಲೆ ಅವನ ಭುಜದ ಮೇಲೆ ಕೈ ಇಟ್ಟ, ಇಷ್ಟು ವರ್ಷ ಗಿರಿಧರ್ ತನ್ನ ಭುಜದ ಮೇಲೆ ಇಡುತ್ತಿದ್ದ ಹಾಗೆಯೇ. ಒತ್ತಿದ. ನೀರು ಸ್ವಲ್ಪ ಹೊತ್ತು ಕದಡಿತು, ಮತ್ತೆ ಸಮವಾಯಿತು. ಪಂಪಿನ ಸದ್ದು ಮಾತ್ರ ಉಳಿಯಿತು.

ಉಳಿದದ್ದು ಸುಲಭ. ಕಾಫಿಯ ಲೋಟ ತೊಳೆದ. ಅದರ ಬದಲು ಅರ್ಧ ಖಾಲಿಯಾದ ಮದ್ಯದ ಬಾಟಲಿಯನ್ನು ಮಾತ್ರೆಯ ಡಬ್ಬಿಯ ಜೊತೆ ಊಟದ ಮೇಜಿನ ಮೇಲಿಟ್ಟ. ಗಿರಿಧರನ ಫೋನಿನ ಗುಟ್ಟಿನ ಅಂಕಿ ಅವನಿಗೆ ಬಾಯಿಪಾಠ. ಕಾರು ಓಡಿಸುವಾಗಲೆಲ್ಲ "ಆ ಮೆಸೇಜಿಗೆ ಉತ್ತರ ಕೊಡೋ" ಎಂದು ಫೋನ್ ಎಸೆಯುವುದು ಗಿರಿಧರನ ಅಭ್ಯಾಸವಾಗಿತ್ತಲ್ಲ. ಆ ಫೋನಿನಿಂದ ತನ್ನ ವಿಳಾಸಕ್ಕೇ ಒಂದು ಇ-ಮೇಲ್ ಬರೆದು, ಕತ್ತಲಾದ ಮೇಲೆ ತಾನಾಗಿ ಹೋಗುವಂತೆ ಹೊತ್ತು ಗೊತ್ತುಮಾಡಿದ. ಫೋನನ್ನು ಮನೆಯೊಳಗೆ ಚಾರ್ಜಿಗೆ ಇಟ್ಟು ಬಾಗಿಲು ಎಳೆದುಕೊಂಡ. ಟ್ಯಾಕ್ಸಿ ಗೇಟಿನ ಹತ್ತಿರ ಬಂದಾಗ, ಚಾಲಕನಿಗೆ ಕೇಳುವಂತೆ ಮನೆಯತ್ತ ತಿರುಗಿ "ಬರ್ತೀನಿ ಗಿರಿ" ಎಂದು ಕೂಗಿ ಕೈ ಬೀಸಿದ. ವಿಮಾನ ಏರುವ ಹೊತ್ತಿಗೆ ಬೆಟ್ಟಗಳ ದಿಕ್ಕಿನ ಮೋಡ ಬೆಳ್ಳಗಾಗಿತ್ತು.

ಅಂದು ಸಂಜೆ ದೋಹಾ ಹತ್ತಿರದ ಅಲ್ ವುಕೈರಿನ ಅವನ ಮನೆಗೆ ಜಾಹ್ನವಿ ಇಬ್ಬರು ಸ್ನೇಹಿತೆಯರನ್ನೂ ಅವರ ಗಂಡಂದಿರನ್ನೂ ಊಟಕ್ಕೆ ಕರೆದಿದ್ದಳು. ಎಲ್ಲರ ಎದುರೇ ಫೋನ್ ಸದ್ದು ಮಾಡಿತು. ಸುಪ್ರೀತ್ ಓದಿ, ನಕ್ಕು, ಅವಳ ಕೈಗೆ ಕೊಟ್ಟ. ಅವಳು ಗಟ್ಟಿಯಾಗಿ ಓದಿದಳು. "ಕ್ಷೇಮವಾಗಿ ತಲುಪಿದೆಯಾ? ನಾನೀಗ ಟಬ್ಬಿಗೆ ಇಳಿಯುತ್ತಿದ್ದೇನೆ. ನಾಳೆ ಮಾತಾಡೋಣ."

"ಗಿರಿಯಣ್ಣಂಗೆ ನಿಮ್ಮ ಮೇಲೆ ಎಷ್ಟು ಪ್ರೀತಿ ನೋಡಿ" ಎಂದಳು ಜಾಹ್ನವಿ.

ಶನಿವಾರ ಎತೇರಿ ಬಾಗಿಲು ತೆಗೆದಳು. ಮಧ್ಯಾಹ್ನದ ಹೊತ್ತಿಗೆ ಅಲ್ಲಿನ ಪೊಲೀಸ್ ಅಧಿಕಾರಿಯೊಬ್ಬರು ಇಂಗ್ಲಿಷಿನಲ್ಲಿ, ಬಹಳ ಸೌಜನ್ಯದಿಂದ ಸುಪ್ರೀತನಿಗೆ ಫೋನ್ ಮಾಡಿದರು. ಕುಡಿದು, ನಿದ್ದೆಯ ಮಾತ್ರೆ ನುಂಗಿ, ಬಿಸಿನೀರಿಗೆ ಇಳಿದಂತಿದೆ. ಸಾವು ಹಿಂದಿನ ರಾತ್ರಿ ಸಂಭವಿಸಿರಬೇಕೆಂದು ವೈದ್ಯರ ಮೊದಲ ಅಂದಾಜು ಎಂದರು. ಹಿಂದಿನ ಸಂಜೆ ಬಂದ ಇ-ಮೇಲ್ ವಿಷಯವನ್ನು ಸುಪ್ರೀತ್ ತಡೆತಡೆದು ಹೇಳಿದ. ಅದನ್ನು ತಮಗೆ ಕಳಿಸಿಕೊಡಲು ಅವರು ಕೇಳಿದರು. ಕಳಿಸಿದ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಸೋಮವಾರ ದೋಹಾದ ಪೊಲೀಸ್ ಕಚೇರಿಯಿಂದ ಕರೆ ಬಂದಾಗಲೂ ಅವನು ಅಂಜಲಿಲ್ಲ. ಬೇರೆ ದೇಶದಲ್ಲಾದ ಸಾವು, ಒಂದು ಹೇಳಿಕೆ ಬೇಕಿರುತ್ತದೆ. ಸರ್ಕಾರಿ ಕಚೇರಿಗಳಲ್ಲಿ ಕಂಪನಿಯ ಕೆಲಸ ನೋಡಿಕೊಳ್ಳುವ ಉಳ್ಳಾಲದ ಶಾಫಿ, ಅರಬ್ಬಿ ಬಲ್ಲವನೆಂದು, ಜೊತೆಗೆ ಬಂದ. "ಹತ್ತು ನಿಮಿಷದ ಕೆಲಸ ಸುಪ್ರೀತಣ್ಣ. ಸಹಿ ಹಾಕಿದ್ರೆ ಖಲಾಸ್" ಎಂದು ಕಾರಿನಲ್ಲಿ ಸಮಾಧಾನ ಹೇಳಿದ. ಅಧಿಕಾರಿ ಚಹಾ ತರಿಸಿದರು. ಹೊರಟ ಹೊತ್ತು, ವಿಮಾನ, ಸಂಜೆಯ ಇ-ಮೇಲ್, ಎಲ್ಲವನ್ನೂ ಸುಪ್ರೀತ್ ಅಳೆದು ತೂಗಿ ಹೇಳಿದ. ಅಧಿಕಾರಿ ಅದಕ್ಕೆಲ್ಲ ತಲೆಯಾಡಿಸಿದರು.

ಆಮೇಲೆ ಕಂಪ್ಯೂಟರಿನ ಪರದೆಯನ್ನು ಇವರ ಕಡೆಗೆ ತಿರುಗಿಸಿದರು. ಎತೇರಿ ಶನಿವಾರ ಬೆಳಿಗ್ಗೆ ಗಿರಿಧರನ ಮನೆಯ ಹಿಂಬಾಗಿಲಲ್ಲಿ ನಿಂತು ತೆಗೆದ ಫೋಟೊ. ಹಿಮ ಬಿದ್ದ ಮೊದಲ ಬೆಳಿಗ್ಗೆ ಮಾಲೀಕರಿಗೆ ಹಿತ್ತಲಿನ ಚಿತ್ರ ಕಳಿಸಬೇಕೆಂದು, ಟಬ್ಬಿನಲ್ಲಿ ಏನಿದೆಯೆಂದು ತಿಳಿಯುವ ಮೊದಲೇ ಅವಳು ತೆಗೆದದ್ದು ಎಂದು ಶಾಫಿ ಅರಬ್ಬಿಯನ್ನು ಕನ್ನಡಕ್ಕೆ ತಂದ. ದೂರದ ತುದಿಯಲ್ಲಿ ಟಬ್ಬಿನಿಂದ ಹಬೆ ಏಳುತ್ತಿತ್ತು. ಬಾಗಿಲಿನಿಂದ ಅಲ್ಲಿಯವರೆಗೂ ಹಾಸಿದ ಬಿಳಿ ಬಟ್ಟೆಯಂತೆ ಹಿಮ. ಸುಪ್ರೀತ್ ಮೊದಲು ಟಬ್ಬನ್ನೇ ನೋಡಿದ. ನೀರು ಬಿಸಿಯಾಗಿಯೇ ಉಳಿದಿತ್ತು, ಆಯ್ಕೆ ಸರಿಯಾಗಿತ್ತು. ಅಧಿಕಾರಿ ಏನೋ ಕೇಳಿದರು. ಶಾಫಿ ಅದನ್ನು ಹೇಳಲು ಬಾಯಿ ತೆರೆದವನು ತಾನೇ ಬಗ್ಗಿ ಪರದೆಯನ್ನು ನೋಡಿದ. "ಹಿಮ ನಿಂತದ್ದು ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗಂತೆ ಸುಪ್ರೀತಣ್ಣ. ಆಮೇಲೆ ಬಿದ್ದೇ ಇಲ್ಲವಂತೆ" ಎಂದ ನಿಧಾನವಾಗಿ. "ಗಿರಿಯಣ್ಣ ಟಬ್ಬಿಗೆ ಹೋದದ್ದು ಕತ್ತಲಾದ ಮೇಲೆ ಅಲ್ವಾ? ಹಾಗಾದ್ರೆ ಇಲ್ಲಿ ಒಂದು ಹೆಜ್ಜೆ ಗುರುತೂ ಇಲ್ಲ ಯಾಕೆ?"